ಗಾಲಿ ಕಟ್ಟುತ್ತಿದ್ದ ತಾತ



ಹೋಟೆಲುಗಳ ಮುಂದೆ, ಮದುವೆ ಮಂಟಪಗಳ ಬಾಗಿಲಲ್ಲಿ ಬಣ್ಣ ಬಳಿದ ಎತ್ತಿನ ಗಾಡಿಯ ಗಾಲಿಯನ್ನು ಅಲಂಕಾರಕ್ಕೆ ನಿಲ್ಲಿಸಿರುವುದನ್ನು ನೀವು ನೋಡಿರುತ್ತೀರಿ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೂ ಇರುತ್ತೀರಿ. ಅಂಥ ಒಂದು ಗಾಲಿ ಕಟ್ಟಲು ಏನೇನು ತಿಳಿದಿರಬೇಕು ಗೊತ್ತೇ? ಈ ವಾರ ಅದನ್ನೇ ಹೇಳುತ್ತೇನೆ. ನನಗೆ ಅದನ್ನು ಹೇಳಿಕೊಟ್ಟವರು ನಮ್ಮ ತಾತ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರು ಬಡಗಿ. ಸುತ್ತಲಿನ ಊರುಗಳಿಗೆಲ್ಲ ‘ಗಾಡಿ ಆಚಾರ್ರು’.

ಹುಣಸೂರಿಗೂ ಗಾಡಿಗೂ ಹಳೆಯ ನಂಟು. ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಸಾಮಾನು ಒದಗಿಸುವ ಇಲಾಖೆ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರಗೆಲಸದ ಅಂಗಳ ಎಲ್ಲವನ್ನೂ ಇಟ್ಟಿತ್ತು. 1864ರಲ್ಲಿ ಅವು ಮುಚ್ಚಿದವು. ಆದರೆ ಕಲಿತ ಕೈಗಳು ಎಲ್ಲಿಗೆ ಹೋಗುತ್ತವೆ? ಕೆಲಸ ಊರಿನಲ್ಲೇ ಉಳಿಯಿತು. ಕೋಟೆ ಕಡೆಯ ಕಾಡಿನ ಮರ, ಪಿರಿಯಾಪಟ್ಟಣದ ಹೊಗೆಸೊಪ್ಪು, ಕೆ.ಆರ್. ನಗರದ ಭತ್ತ, ಕಬ್ಬು, ಎಲ್ಲಕ್ಕೂ ಗಾಡಿ ಬೇಕಾಗಿತ್ತು.

ಗಾಡಿಯಲ್ಲಿ ಕಷ್ಟದ ಕೆಲಸವೆಂದರೆ ಗಾಲಿ. ನಡುವೆ ಇರುವ ದಪ್ಪ ತುಂಡು ಗುಂಬ. ಅದರಿಂದ ಹೊರಟ ಕಡ್ಡಿಗಳು ಅರೆಕಾಲುಗಳು. ಅವುಗಳ ತುದಿಗೆ ಸುತ್ತಲೂ ಬಾಗಿದ ಮರದ ತುಂಡುಗಳು. 12 ಅರೆಕಾಲು ಇದ್ದರೆ 6 ತುಂಡು. ಒಂದೊಂದು ತುಂಡಿಗೆ ಎರಡೆರಡು ಅರೆಕಾಲು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ. ಗಾಲಿಗೆ ಜಾಲಿ ಮರ, ಭಾರ ಹೊರುವ ಅಚ್ಚಿಗೆ ದಿಂಡಿಗ. ತಾತ ಮರವನ್ನು ಬೆರಳಿನಿಂದ ತಟ್ಟಿ, ಮೂಸಿ ನೋಡಿ ಆರಿಸುತ್ತಿದ್ದರು. ಕೊಯ್ದ ತುಂಡುಗಳನ್ನು ನೆರಳಿನಲ್ಲಿ ಒಟ್ಟಿ ವರ್ಷಗಟ್ಟಲೆ ಒಣಗಿಸುತ್ತಿದ್ದರು.

ಗಾಲಿಗೆ ಕಬ್ಬಿಣದ ಪಟ್ಟೆ ಹಾಕುವ ದಿನ ನಮಗೆಲ್ಲ ಹಬ್ಬ. ಕಮ್ಮಾರರು ಪಟ್ಟೆಯ ಬಳೆಯನ್ನು ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡಿರುತ್ತಿದ್ದರು. ಚಿಕ್ಕ ಬಳೆ ದೊಡ್ಡ ಗಾಲಿಗೆ ಹೇಗೆ ಕೂರುತ್ತದೆ? ಲೆಕ್ಕ ನೋಡಿ. 5 ಅಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 15.7 ಅಡಿ. ಅಷ್ಟು ಉದ್ದದ ಕಬ್ಬಿಣದ ಬಿಸಿ 500 ಡಿಗ್ರಿ ಏರಿದರೆ ಅದು ಒಂದು ಅಂಗುಲಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಬೆರಣಿ, ಮರದ ಚಕ್ಕೆ ಸುತ್ತ ಹಾಕಿ ಬೆಂಕಿ ಕೊಟ್ಟು, ಪಟ್ಟೆ ಕೆಂಪಗಾದಾಗ ನಾಲ್ಕು ಜನ ಇಕ್ಕುಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಇಳಿಸುತ್ತಿದ್ದರು. ಮರ ಹೊತ್ತಿಕೊಳ್ಳುವಷ್ಟರಲ್ಲಿ ಬಿಂದಿಗೆಗಟ್ಟಲೆ ನೀರು. ಬುಸ್ಸೆಂದು ಹಬೆ! ಕಬ್ಬಿಣ ಕುಗ್ಗುತ್ತಾ ಹೋದಂತೆ ಸಂದುಗಳೆಲ್ಲ ಲಟಲಟನೆ ಬಿಗಿಯುತ್ತಿದ್ದವು. ಕಬ್ಬಿಣ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಎಂಬುದನ್ನು ನಾನು ಶಾಲೆಗಿಂತ ಮೊದಲೇ ಆ ಅಂಗಳದಲ್ಲಿ ಕಲಿತೆ. ನಾವು ದಾಟಬಾರದೆಂದು ತಾತ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದಿರುತ್ತಿದ್ದರು. ಎಷ್ಟೇ ಗಡಿಬಿಡಿಯಿದ್ದರೂ ಅವರ ಒಂದು ಕಣ್ಣು ಆ ಗೆರೆಯ ಮೇಲೆಯೇ.

ನೇಗಿಲು, ನೊಗ ಸರಿಮಾಡಿಕೊಟ್ಟಿದ್ದಕ್ಕೆ ರೈತರು ಸುಗ್ಗಿಯಲ್ಲಿ ಆಯವೆಂದು ರಾಗಿ ಅಳೆಯುತ್ತಿದ್ದರು. ಕೈಗೆ ದುಡ್ಡು ಬರುತ್ತಿದ್ದುದು ಹೊಸ ಗಾಡಿಯಿಂದ ಮಾತ್ರ. ನಮ್ಮ ಅತ್ತೆಯ ಮದುವೆ ಗೊತ್ತಾಗಿದ್ದ ವರ್ಷ ಕೆ.ಆರ್. ನಗರದ ಕಡೆಯ ರೈತರೊಬ್ಬರು ಬಂದು, ಚುಂಚನಕಟ್ಟೆ ಜಾತ್ರೆಯ ಹೊತ್ತಿಗೆ ಹೊಸ ಗಾಡಿ ಬೇಕೆಂದು ಮುಂಗಡ ಹಣವನ್ನು ಜಗಲಿಯ ಮೇಲೆ ಇಟ್ಟರು. ಒಣಗಿದ ಮರ ಇರಲಿಲ್ಲ.

“ಹಸೀ ಮರದಲ್ಲಿ ಕಟ್ಟಿದ್ರೆ ಬೇಸಗೇಲಿ ಅರೆಕಾಲು ಅಲ್ಲಾಡ್ತವೆ ಕಣಪ್ಪ. ಹೇರು ತುಂಬ್ಕೊಂಡು ಇಳಿಜಾರಲ್ಲಿ ಬರುವಾಗ ಗಾಲಿ ಬಿಚ್ಕೊಂಡ್ರೆ ನಿನ್ ಎತ್ತಿನ ಕಾಲು ಹೋಗ್ತದೆ” ಎಂದು ತಾತ ಹಣ ಹಿಂದಕ್ಕೆ ಕೊಟ್ಟರು.

“ಆಗಿದ್ದಾಗ್ಲಿ, ಕಟ್ಟಿಕೊಡಿ ಆಚಾರ್ರೇ” ಎಂದರೂ ಒಪ್ಪಲಿಲ್ಲ. ಆ ರೈತರು ಬೇರೆ ಕಡೆ ಹೋದರು. ಮದುವೆಗೆ ಅಜ್ಜಿಯ ಕಿವಿಯ ಓಲೆ ಗಿರವಿಗೆ ಹೋಯಿತು. ಅದು ಬಿಡಿಸಿಕೊಂಡು ಮನೆಗೆ ಬಂದದ್ದು ಎರಡು ವರ್ಷದ ಮೇಲೆ. ಅಷ್ಟು ದಿನವೂ ಅಜ್ಜಿ ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡೇ ಇದ್ದರು. ತಾತ ಅದನ್ನು ದಿನಾ ನೋಡುತ್ತಿದ್ದರು.

ಇಷ್ಟು ಗಟ್ಟಿ ಮನುಷ್ಯ ಮೊಮ್ಮಕ್ಕಳ ಮುಂದೆ ಮಾತ್ರ ಬೆಣ್ಣೆ. ನಾವು ಒಂಬತ್ತು ಮಂದಿ. ಒಂಬತ್ತು ಜನಕ್ಕೂ ನಡೆಯಲು ಕಲಿಯುವ ಮೂರು ಗಾಲಿಯ ತಳ್ಳುಗಾಡಿಯನ್ನು ಬೇರೆ ಬೇರೆಯಾಗಿಯೇ ಮಾಡಿಕೊಟ್ಟರು. “ಅಣ್ಣಂದೇ ಇದೆಯಲ್ಲ, ಸಾಲದಾ?” ಎಂದು ಅಮ್ಮ ಕೇಳಿದರೆ, “ಒಂದೊಂದು ಕೂಸಿನ ಎತ್ತರ ಒಂದೊಂದು ಥರ ಕಣವ್ವ” ಎನ್ನುತ್ತಿದ್ದರು. ಮಗುವನ್ನು ನಿಲ್ಲಿಸಿ, ಎದೆಯ ಮಟ್ಟಕ್ಕೆ ಅಳತೆ ತೆಗೆದು, ಅಷ್ಟೇ ಎತ್ತರಕ್ಕೆ ಹಿಡಿ ಕೂರಿಸುತ್ತಿದ್ದರು. ತೋಪಡ ಹೊಡೆದು ನುಣುಪು ಮಾಡಿದ ಮೇಲೆ ಹಿಡಿಯನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. ಕಾಯಿಗಟ್ಟಿದ ಅಂಗೈಗೆ ಸಿಬರು ಗೊತ್ತಾಗುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ. ಬುಗುರಿ, ಚಿಣ್ಣಿದಾಂಡು, ಅಳಗುಳಿ ಮಣೆ, ಕೇಳಿದ್ದೆಲ್ಲ ಸಂಜೆಯೊಳಗೆ ಸಿದ್ಧ.

ಆಮೇಲೆ ಟೈರುಗಾಡಿ ಬಂತು, ಟ್ರ್ಯಾಕ್ಟರ್ ಬಂತು. ಗಾಲಿ ಕೇಳಿಕೊಂಡು ಬರುವವರು ಇಲ್ಲವಾದರು. ತಾತ ಗೊಣಗಲಿಲ್ಲ. “ಎತ್ತಿಗೆ ಹಗುರಾಯ್ತು ಬಿಡು” ಎಂದು ಬಾಗಿಲು, ಕಿಟಕಿ, ಮಂಚ ಮಾಡತೊಡಗಿದರು. ನಮ್ಮ ಚಿಕ್ಕಪ್ಪ ಉಳಿ ಹಿಡಿಯದೆ ಬಸ್ ಡ್ರೈವರ್ ಆದಾಗ ಅವರಿಗೆ ಮೊದಲ ದಿನ ಕೊಟ್ಟ ಬುದ್ಧಿಮಾತು ಒಂದೇ: “ಹೊರಡೋಕೆ ಮುಂಚೆ ಇಳಿದು ಗಾಲಿ ನೋಡು.”

ತಾತ ತೀರಿಕೊಂಡು 15 ವರ್ಷವಾಯಿತು. ಅವರ ಬಾಚಿ, ಉಳಿ, ಕೊಡತಿ ಅಟ್ಟದ ಮೇಲಿವೆ. ಜೊತೆಗೆ ಒಂದು ಅಳತೆಕೋಲು. ಅದರ ಮೇಲೆ ಉದ್ದಕ್ಕೂ ಉಳಿಯಿಂದ ಕೊರೆದ ಗುರುತುಗಳು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಆ ಗುರುತುಗಳೇ ಅವರ ಪುಸ್ತಕ. ಗುಂಬದ ದಪ್ಪ ಇದು, ಅರೆಕಾಲಿನ ಉದ್ದ ಇದು ಎಂದು ಎರಡನ್ನು ಅವರೇ ನನಗೆ ತೋರಿಸಿದ್ದರು. ಉಳಿದವನ್ನು ಓದಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮರ ಉಳಿದಿದೆ, ಓದು ಹೋಗಿದೆ.

ಹಾಗಾಗಿ ಈ ವಾರ ನಿಮಗೊಂದು ಕೆಲಸ. ನಿಮ್ಮ ತಾತನೋ ಅಜ್ಜಿಯೋ ಬಳಸುತ್ತಿದ್ದ ಒಂದು ಸಾಮಾನು ಹುಡುಕಿ. ಅದು ಕತ್ತರಿಯಾಗಬಹುದು, ಕುಡುಗೋಲಾಗಬಹುದು, ಮೊರವಾಗಬಹುದು, ತಕ್ಕಡಿಯಾಗಬಹುದು. ಅದರ ಹೆಸರೇನು, ಹೇಗೆ ಹಿಡಿಯಬೇಕು, ಕೆಲಸ ಕೆಟ್ಟರೆ ಹೇಗೆ ಗೊತ್ತಾಗುತ್ತದೆ ಎಂದು ಅವರನ್ನೇ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೇಗ ಕೇಳಿ. ಅವರು ನಿಧಾನವಾಗಿ ಹೇಳುತ್ತಾರೆ. ನೀವೂ ಪಕ್ಕದಲ್ಲಿ ಕೂತು ನಿಧಾನವಾಗಿ ಕೇಳಿಸಿಕೊಳ್ಳಿ.