ಪೆಟ್ಲುಪ್ಪಿನಿಂದ ಸುಂಕರಹಿತ ವಲಯಕ್ಕೆ

ಚಿಲಿ ದೇಶದ ಉತ್ತರದಲ್ಲಿ, ಪೆಸಿಫಿಕ್ ಸಾಗರಕ್ಕೂ ಆಂಡಿಸ್ ಪರ್ವತಶ್ರೇಣಿಗೂ ನಡುವೆ ಹಬ್ಬಿರುವ ತಾರಾಪಾಕಾ ಪ್ರಾಂತದ ಮರುಭೂಮಿಯಲ್ಲಿ ಮಳೆ ತೀರ ಅಪರೂಪ. ಈ ಅಭಾವವೇ ಒಂದು ಕಾಲಕ್ಕೆ ಅದರ ಬಂಡವಾಳವಾಗಿತ್ತು. ನೀರಿನಲ್ಲಿ ಸುಲಭವಾಗಿ ಕರಗುವ ಪೆಟ್ಲುಪ್ಪು ಇಲ್ಲಿನ ನೆಲದಲ್ಲಿ ಕೊಚ್ಚಿಹೋಗದೆ ಉಳಿದಿತ್ತು. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ಈ ಸರಕಿನ ಒಡೆತನವೇ ಮುಖ್ಯ ಕಾರಣವಾಗಿ 1879ರಲ್ಲಿ ಯುದ್ಧ ನಡೆದು, 1883ರ ಒಪ್ಪಂದದಂತೆ ಪ್ರಾಂತವು ಪೆರುವಿನಿಂದ ಚಿಲಿಯ ವಶವಾಯಿತು. ಅದೇ ಯುದ್ಧದಲ್ಲಿ ಬೊಲಿವಿಯ ತನ್ನ ಕಡಲತೀರವನ್ನೇ ಕಳೆದುಕೊಂಡಿತು.

ಇಕೀಕೆ ಬಂದರು ಮೆರೆಯಿತು. ರಫ್ತು ಸುಂಕದಿಂದ ಸರ್ಕಾರದ ಬೊಕ್ಕಸ ತುಂಬಿತು. ಲಾಭದ ದೊಡ್ಡ ಪಾಲು ಬ್ರಿಟಿಷ್ ಬಂಡವಾಳಗಾರರಿಗೆ ಸಂದಿತು. ಕಾರ್ಮಿಕನ ಕೈಗೆ ಬಂದದ್ದು ಗಣಿಯ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆ. 1907ರಲ್ಲಿ ಇಕೀಕೆಯ ಶಾಲೆಯೊಂದರಲ್ಲಿ ನೆರೆದಿದ್ದ ಮುಷ್ಕರನಿರತರ ಮೇಲೆ ಸೈನ್ಯ ಗುಂಡು ಹಾರಿಸಿತು. 1913ರಲ್ಲಿ ಜರ್ಮನಿಯಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ಕಾರ್ಖಾನೆ ಆರಂಭವಾಯಿತು. ಮಹಾಯುದ್ಧದ ತರುವಾಯ ಪೆಟ್ಲುಪ್ಪಿನ ಪೇಟೆ ಕುಸಿಯಿತು. ಏಕಸ್ವಾಮ್ಯದ ದಿನಗಳ ಲಾಭದಲ್ಲಿ ಅಲ್ಪಾಂಶವಾದರೂ ಅನ್ಯ ಉದ್ಯಮಗಳಿಗೆ ವಿನಿಯೋಗವಾಗಿದ್ದರೆ ಪೆಟ್ಟು ಇಷ್ಟು ತೀವ್ರವಾಗುತ್ತಿರಲಿಲ್ಲ. 1960ರಲ್ಲಿ ಮುಚ್ಚಿದ ಹಂಬರ್‌ಸ್ಟೋನ್ ಗಣಿಯೂರು ಇಂದು ಪ್ರವಾಸಿಗರು ನೋಡುವ ವಿಶ್ವ ಪರಂಪರೆಯ ತಾಣ!

1975ರಲ್ಲಿ ಇಕೀಕೆಯಲ್ಲಿ ಸುಂಕರಹಿತ ವಲಯ ಸ್ಥಾಪನೆಯಾಯಿತು. ಏಷ್ಯದಿಂದ ಬರುವ ಸರಕು ಅಲ್ಲಿಂದ ನೆರೆರಾಜ್ಯಗಳಿಗೆ ಸಾಗುತ್ತದೆ. ತೀರ ಕಳೆದುಕೊಂಡ ಬೊಲಿವಿಯವೇ ಅದರ ದೊಡ್ಡ ಗಿರಾಕಿಗಳಲ್ಲೊಂದು. ವ್ಯಾಪಾರವೇನೋ ಹುಲುಸಾಗಿದೆ. ಆದರೆ ಇದು ಬಹುಮಟ್ಟಿಗೆ ಮರುಮಾರಾಟ. ಅದರ ಆಧಾರ ಸುಂಕದ ರಿಯಾಯಿತಿ. ನೆರೆರಾಜ್ಯ ತನ್ನ ಸುಂಕವನ್ನು ಇಳಿಸಿದರೆ ಉಗ್ರಾಣಗಳಲ್ಲಿರುವ ಮಾಲಿಗೆ ಗಿರಾಕಿ ಯಾರೆಂಬ ಪ್ರಶ್ನೆಗೆ ಇಕೀಕೆ ಇನ್ನೂ ಉತ್ತರಿಸಬೇಕಾಗಿದೆ.