ಕಂಬಳಿ ಹೊದ್ದವರ ಉಪದೇಶ

ತಾಂಬರಂನ ಮೇ ತಿಂಗಳಲ್ಲಿ ನಮ್ಮ ಮನೆಯ ಜಗಳ ಒಂದೇ: ಏಸಿ 20ರಲ್ಲೋ 24ರಲ್ಲೋ? 2020ರಿಂದ ಸ್ಟಾರ್ ಗುರುತಿನ ಏಸಿಗಳು 24ಕ್ಕೇ ಶುರುವಾಗಬೇಕೆಂಬುದು ಕೇಂದ್ರದ ನಿಯಮ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿತಾಯವೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ತಮಿಳುನಾಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. 500 ಯೂನಿಟ್ ದಾಟಿತೋ, ಕೆಳಗಿನ ಹಂತವೊಂದರ ದರವೂ ಏರುತ್ತದೆ. ಉಳಿಸಬೇಕು, ಒಪ್ಪಿದೆ. ಆದರೆ ಬಿಲ್ಲು ಬಂದ ದಿನ ಉಪದೇಶ ಯಾರಿಗೆ? ಹಗಲೆಲ್ಲ ಮನೆಯಲ್ಲೇ ದುಡಿಯುವವಳಿಗೆ. ಆಫೀಸಿನ ಪುಕ್ಕಟೆ ತಂಪಿನಲ್ಲಿ ಕೂತು ಬಂದು, ರಾತ್ರಿ 20ಕ್ಕಿಟ್ಟು ಕಂಬಳಿ ಹೊದೆಯುವವರಿಗೆ ಅವಳ ಮಧ್ಯಾಹ್ನದ ಏಸಿ ದುಂದಾಗಿ ಕಾಣುತ್ತದೆ. ಒಲೆ ಮುಂದೆ ಸುರಿದ ಬೆವರು ಯಾವ ಮೀಟರಿಗೂ ಹತ್ತುವುದಿಲ್ಲ. ಮೊದಲು ಕಂಬಳಿ ಮಡಿಸಿಡಿ, 26ಕ್ಕಿಟ್ಟು ಫ್ಯಾನ್ ಹಾಕಿ. ಆಮೇಲೆ ಲೆಕ್ಕ ಕೇಳಿ.