ಶೀಲದ ಹಂಗಿಲ್ಲದ ಧ್ಯಾನ

ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ನಂದಿಬೆಟ್ಟದ ಕಡೆ ಹೊರಡುವವರೆಲ್ಲ ಮಂಜು ನೋಡುವುದಕ್ಕೇ ಹೋಗುವುದಿಲ್ಲ. ಮನಸ್ಸಿಗೆ ಒಂದಿಷ್ಟು ನೆಮ್ಮದಿ ಬೇಕೆಂದು ಹೊರಟವರೂ ಇರುತ್ತಾರೆ. ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 2023ರ ಸಂಕ್ರಾಂತಿಯಂದು ಅನಾವರಣಗೊಂಡ 112 ಅಡಿಯ ಆದಿಯೋಗಿ ಪ್ರತಿಮೆ ಈ ಸೀಮೆಯನ್ನು ಅಂಥವರ ನಕ್ಷೆಯಲ್ಲಿ ಇನ್ನಷ್ಟು ದೊಡ್ಡದಾಗಿ ಮೂಡಿಸಿದೆ. ಅದು ಯೋಗದ ಜಾಡು. ಆದರೆ ಕಂಪನಿಗಳ ತರಬೇತಿಗಳಲ್ಲಿ, ರೆಸಾರ್ಟ್ ಶಿಬಿರಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಹೆಸರಿನಲ್ಲಿ ಸಿಗುವ ಧ್ಯಾನ ಬೌದ್ಧರದು. ಏಷ್ಯಾದಿಂದ ಅಮೆರಿಕಕ್ಕೆ ಹೋಗಿ, ಅಲ್ಲಿನ ಉಡುಪು ತೊಟ್ಟು ನಮ್ಮಲ್ಲಿಗೆ ಮರಳಿದೆ. ಉಡುಪು ಬದಲಾದದ್ದಕ್ಕೆ ತಕರಾರಿಲ್ಲ. ದಾರಿಯಲ್ಲಿ ಅದು ಶೀಲವನ್ನು, ಅಂದರೆ ನಡತೆಯ ಕಟ್ಟುಪಾಡನ್ನು, ಕಳಚಿಟ್ಟು ಬಂದಿದೆ ಎನ್ನುವುದೇ ಚಿಂತೆ.

ಪಶ್ಚಿಮದವರು ಶುದ್ಧ ಧರ್ಮವನ್ನು ಕೆಡಿಸಿದರು ಎಂಬ ಸುಲಭದ ದೂರು ನಿಲ್ಲುವುದಿಲ್ಲ. ಗೃಹಸ್ಥರೂ ದೊಡ್ಡ ಸಂಖ್ಯೆಯಲ್ಲಿ ಕೂತು ವಿಪಶ್ಯನ ಧ್ಯಾನ ಮಾಡುವ ರೂಢಿಯೇ ಇತ್ತೀಚಿನದು. ಬ್ರಿಟಿಷರ ಆಳ್ವಿಕೆಯ ಬರ್ಮಾದಲ್ಲಿ ಲೆಡಿ ಸಯಾಡೊ ಅವರಂಥ ಭಿಕ್ಷುಗಳು ಅದನ್ನು ಜನರ ನಡುವೆ ತಂದರು. ನಮ್ಮ ಬೈಲಕುಪ್ಪೆ, ಮುಂಡಗೋಡಗಳ ಟಿಬೆಟನ್ ಮಠಗಳಲ್ಲಿ ಇಂದು ಭಿಕ್ಷುಗಳು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭೌತವಿಜ್ಞಾನ, ನರವಿಜ್ಞಾನ ಓದುತ್ತಿದ್ದಾರೆ. ಬದಲಾಗದೆ ಬದುಕಿದ ಪರಂಪರೆ ಯಾವುದೂ ಇಲ್ಲ. ಹಾಗಾದರೆ ಕೇಳಬೇಕಾದ್ದು ಇಷ್ಟೆ: ಏನನ್ನು ಬಿಟ್ಟರೂ ಧ್ಯಾನ ಉಳಿಯುತ್ತದೆ, ಏನನ್ನು ಬಿಟ್ಟರೆ ಅದು ಬೇರೆಯೇ ಆಗುತ್ತದೆ?

ಇದಕ್ಕೆ ಉತ್ತರ ಹುಡುಕಲು ರೇಷ್ಮೆಗೂಡಿನ ಮಾರುಕಟ್ಟೆಯಿರುವ ಶಿಡ್ಲಘಟ್ಟದಷ್ಟು ತಕ್ಕ ಊರು ಇನ್ನೊಂದಿಲ್ಲ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ರೇಷ್ಮೆ ಎಳೆ ತುಂಡಾಗುತ್ತದೆ. ಅದಕ್ಕೇ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಹಿಡಿದ ರೀಲರ್ ಹುಳು ಹೊರಬರುವ ಮೊದಲೇ ಬೇಯಿಸಬೇಕು. ಬಿಸಿನೀರಿನಲ್ಲಿ ಕೈಯಾಡಿಸಿ ಎಳೆಯ ತುದಿ ಹಿಡಿಯುವ ಕೂಲಿ ಹೆಂಗಸರ ಬೆರಳು ಸಂಜೆಯ ಹೊತ್ತಿಗೆ ಬೆಂದಂತಾಗಿರುತ್ತದೆ. ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದಲ್ಲಿ ಇದೇ ಕಸುಬಿನ ಪ್ರಸಂಗವೊಂದಿದೆ. ಆಳವಿ ಎಂಬಲ್ಲಿ ಕೆಲವು ಭಿಕ್ಷುಗಳು ರೇಷ್ಮೆಯವರ ಬಳಿ ಹೋಗಿ, ನಮಗೂ ಒಂದಿಷ್ಟು ಗೂಡು ಬೇಯಿಸಿಕೊಡಿ, ಹಾಸು ಮಾಡಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಹೆಂಡಿರು ಮಕ್ಕಳ ಹೊಟ್ಟೆಪಾಡಿಗಾಗಿ ಇಷ್ಟು ಜೀವ ತೆಗೆಯುವುದೇ ನಮ್ಮ ದುರದೃಷ್ಟ, ಇವರೂ ಬಂದು ಕೇಳುವುದೇ ಎಂದು ಅವರು ನೊಂದುಕೊಳ್ಳುತ್ತಾರೆ. ಮಾತು ಬುದ್ಧನ ಕಿವಿಗೆ ಬಿದ್ದಾಗ, ರೇಷ್ಮೆ ಬೆರೆಸಿದ ಹಾಸು ಮಾಡಿಸಿಕೊಳ್ಳಬಾರದೆಂದು ಭಿಕ್ಷುಗಳಿಗೆ ನಿಯಮ ಬಂತು. ಗೂಡು ಬೇಯಿಸುವವನಿಗೆ ಒಂದು ಬೈಗುಳವೂ ಇಲ್ಲ. ಇನ್ನೊಬ್ಬರ ಕಷ್ಟದ ಮೇಲೆ ಮೆತ್ತಗೆ ಕೂರಬಯಸಿದವನನ್ನೇ ಶೀಲ ಹಿಡಿದು ಕೇಳಿತು. ಇಂದಿನ ಕಂಪನಿ ಧ್ಯಾನದಲ್ಲಿ ಇದು ತಿರುಗುಮುರುಗಾಗಿದೆ. ದುಡಿಮೆಯ ಹೊತ್ತು ನಿಗದಿ ಮಾಡುವವರನ್ನು ಯಾರೂ ಕೇಳುವುದಿಲ್ಲ. ದುಡಿದು ಬಳಲಿದವನಿಗೆ ಮಾತ್ರ ಉಸಿರು ಗಮನಿಸು ಎಂಬ ಉಪದೇಶ.

ನೋವಿನಲ್ಲಿರುವವರಿಗೆ ಈ ಧ್ಯಾನದಿಂದ ಉಪಕಾರವಾಗಿಲ್ಲವೇ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತಮ್ಮ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮ ಶುರುಮಾಡಿದ್ದು ವಾಸಿಯಾಗದ ನೋವಿನಿಂದ ನರಳುತ್ತಿದ್ದವರಿಗಾಗಿ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಮಟ್ಟದ ಗುಣ ಕಂಡಿತು. ಔಷಧ, ವ್ಯಾಯಾಮಗಳಿಗಿಂತ ಮೇಲು ಎನ್ನಲು ಪುರಾವೆ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಅದು ಒಳ್ಳೆಯ ಚಿಕಿತ್ಸೆ, ರೋಗಿಗೆ ಪಂಚಶೀಲ ಬೋಧಿಸುವ ಅಗತ್ಯವೂ ಇಲ್ಲ. ಆದರೆ ಅದೇ ಚಿಕಿತ್ಸೆ ಆರೋಗ್ಯವಂತರ ಕಚೇರಿಗೆ ಬಂದು ಬದುಕಿನ ದಾರಿಯೆಂದು ಮಾರಾಟವಾದಾಗ ಅದನ್ನು ಬೇರೆ ಅಳತೆಯಿಂದಲೇ ಅಳೆಯಬೇಕು.

ಶೀಲ ಸೇರಿಸಿದರೆ ಅದು ಮತಪ್ರಚಾರವಾಗುತ್ತದೆ, ಬೇರೆ ಧರ್ಮದವರು ದೂರ ಸರಿಯುತ್ತಾರೆ ಎಂಬುದು ಇನ್ನೊಂದು ಆಕ್ಷೇಪಣೆ. ಬರ್ಮಾದ ಮಾರವಾಡಿ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿ 1969ರಲ್ಲಿ ಭಾರತಕ್ಕೆ ಬಂದ ಎಸ್.ಎನ್. ಗೋಯೆಂಕಾ ತಮ್ಮ ವಿಪಶ್ಯನ ಶಿಬಿರಗಳಿಂದ ಈ ವಾದವನ್ನು ಸುಳ್ಳಾಗಿಸಿದರು. ಯಾರೂ ಮತ ಬಿಡಬೇಕಿಲ್ಲ. ಆದರೆ 10 ದಿನದ ಶಿಬಿರಕ್ಕೆ ಕೂರುವ ಮೊದಲು ಪಂಚಶೀಲ ಒಪ್ಪಲೇಬೇಕು. ಶುಲ್ಕವಿಲ್ಲ; ಕಲಿತವರು ಕೊಟ್ಟ ದಾನದಲ್ಲಿ ಮುಂದಿನವರ ಊಟ, ವಸತಿ ನಡೆಯುತ್ತದೆ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲದಲ್ಲೂ ಅಮೆರಿಕದ ಕೇಂದ್ರಗಳಲ್ಲೂ ಇದೇ ಕ್ರಮ. ಪಶ್ಚಿಮಕ್ಕೆ ಒಗ್ಗಿಸುವುದಕ್ಕೂ ಶೀಲ ಉಳಿಸುವುದಕ್ಕೂ ವೈರವಿಲ್ಲವೆಂದು ಇದರಿಂದ ಗೊತ್ತಾಗುತ್ತದೆ. ಹೀಗಾಗಿ ನಂದಿಯ ತಪ್ಪಲಿಗೆ ಸಿಬ್ಬಂದಿಯನ್ನು ಧ್ಯಾನಕ್ಕೆ ಕಳಿಸುವ ಕಂಪನಿಗೆ ಒಂದು ಪ್ರಶ್ನೆ ಹಾಕುವುದು ನ್ಯಾಯ: ಸೋಮವಾರ ಅವರು ಮರಳಿದಾಗ ಕೆಲಸದ ಹೊರೆಯಲ್ಲಿ, ಸಂಬಳದಲ್ಲಿ, ರಜೆಯಲ್ಲಿ ನೀವು ಬದಲಿಸುವುದೇನು? ಉತ್ತರವಿಲ್ಲದಿದ್ದರೆ ಆ ಶಿಬಿರವನ್ನು ಪ್ರವಾಸವೆಂದು ಕರೆಯಲಿ. ಬುದ್ಧನ ಹೆಸರು ಬೇಡ.